ಮೀನ ಮುಟ್ಟಿದ ಕೈ

ನಮ್ಮ ಕೆರಿ ದಂಡಿಗೆ ಮೀನ ಬೀಳದ ದಿನ ಎಷ್ಟೋ ಬರ್ತಾವ. ನಗಲಾಕ ಒಂದು ಸುದ್ದಿ ಹುಟ್ಟದ ದಿನ ಮಾತ್ರ ಈ ನಾಕು ವರ್ಷದಾಗ ನಾ ನೋಡಿಲ್ಲ. ಯಾರೂ ಮುದ್ದಾಂ ಮಾಡೂದಿಲ್ಲ, ತಾವಾಗೇ ಆಗ್ತಾವ. ಆಗೂ ಹೊತ್ತಿಗೆ ನಾ ಅಲ್ಲಿ ನಿಂತಿರ್ತೀನಿ, ಅಷ್ಟೇ ನನ್ನ ತಪ್ಪು.

ಕೆರಿ ಅಂದ್ರ ದೊಡ್ಡ ಕೆರಿ ಅಲ್ಲ. ನಾಶಿಕ್ ಬಿಟ್ಟು, ತ್ರ್ಯಂಬಕದಿಂದ ಘೋಟಿ ಕಡೆ ಹೋಗೂ ರಸ್ತಾದ ಬಾಜೂಕ ಎರಡು ಹೊಂಡ ಅವ. ಗಾಳ ಹಾಕೋ ಶೋಕಿ ಇದ್ದ ಸಾಹೇಬ್ರು ಕೂಡಿ ಒಂದು ಕ್ಲಬ್ ಮಾಡ್ಕೊಂಡು, ಅದರಾಗ ಕಟ್ಲಾ, ರೋಹು, ಮೃಗಲ್ ಮೀನ ಬಿಟ್ಟಾರ. ಡಾಕ್ಟರು, ವಕೀಲರು, ಕಾರಖಾನಿ ಮಾಲಕರು ರವಿವಾರಕ್ಕೊಮ್ಮೆ ಬಂದು ಛತ್ರಿ ಕೆಳಗ ಕುಂತು ಗಾಳ ಹಾಕ್ತಾರ. ಮೀನ ಸಿಕ್ರ ತೂಗ್ತಾರ, ಫೋಟೋ ತೆಗಸ್ಕೋತಾರ, ಗಾಳ ಚುಚ್ಚಿದಲ್ಲಿ ಔಷಧ ಹಚ್ಚಿಸಿ ಮತ್ತ ನೀರಿಗೇ ಬಿಡಸ್ತಾರ. ಒಂದು ಮೀನ ಯಾರೂ ಮನಿಗೆ ಒಯ್ಯೂ ಹಂಗಿಲ್ಲ. ಊರಿಗೊಂದು ದಾರಿ ಆದ್ರ ಎಡವಟ್ಟನಿಗೊಂದು ದಾರಿ ಅಂತ ನೀವು ಅಂದ್ರ ನಾ ಏನೂ ಅನ್ನಂಗಿಲ್ಲ, ಯಾಕಂದ್ರ ನಾ ಅಲ್ಲಿ ಪಗಾರ ತಿನ್ನೋ ಕೇರ್‌ಟೇಕರ್. ಮೀನ ಎತ್ತಿ ಹಿಡಿಯೋದು, ತೂಗೋದು, ಔಷಧ ಹಚ್ಚೋದು, ಬಿಡೋದು ಎಲ್ಲಾ ನನ್ನ ಕೈಲೇ ಆಗ್ತದ.

ಇನ್ನೊಂದು ಮಾತು ಮೊದಲೇ ಹೇಳಿಬಿಡ್ತೀನಿ. ನಾವು ಬೀದರ ಜಿಲ್ಲಾದವ್ರು, ಕೊರಳಾಗ ಲಿಂಗ ಕಟ್ಟಿದವ್ರು. ಮೀನ ಇರಲಿ, ತತ್ತಿ ಸುದ್ದಾ ನಮ್ಮ ಹೊಸ್ತಿಲ ದಾಟಿಲ್ಲ. ಈ ನೌಕರಿ ಹಿಡದ ದಿನದಿಂದ ನಮ್ಮವ್ವ ನಮ್ಮ ಮನ್ಯಾಗ ಒಂದು ತುತ್ತು ಅನ್ನ ಉಂಡಿದ್ದಿಲ್ಲ, ಒಂದು ಗುಟಕ ನೀರು ಕುಡದಿದ್ದಿಲ್ಲ. ಅಕಿ ಛತ್ರಪತಿ ಸಂಭಾಜಿನಗರದಾಗ ಅಣ್ಣನ ಮನ್ಯಾಗ ಇರ್ತಾಳ. ನಾ ಎಷ್ಟು ನಗೋ ಸುದ್ದಿ ಹೇಳಿದ್ರೂ ಒಳಗ ಈ ಒಂದು ಮುಳ್ಳು ಇದ್ದೇ ಇತ್ತು.

೧. ಕೇಳಿದ್ದು ಒಂದೇ ಪ್ರಶ್ನಿ

ಮೊದಲ ನಾ ನಾಶಿಕದ ಒಂದು ಕಾರಖಾನ್ಯಾಗ ಸ್ಟೋರ್ ಕೀಪರ್ ಇದ್ದೆ. ಅದು ಬಂದ್ ಆದ ಮ್ಯಾಲ ಆರು ತಿಂಗಳು ಮನ್ಯಾಗ ಕುಂತೆ. ಗಂಡಸು ಮನ್ಯಾಗ ಕುಂತ್ರ ಮೊದಲ ಹೆಂಡ್ತಿಗೆ ಬ್ಯಾಸರ, ಆಮ್ಯಾಲ ಅವಗ. ಅಷ್ಟರಾಗ ಯಾರೋ ಹೇಳಿದ್ರು, ಗಾಳದ ಕ್ಲಬ್ಬಿಗೆ ಮನಿಷ್ಯಾ ಬೇಕಾಗ್ಯಾನಂತ. ಅಷ್ಟು ವರ್ಷದ ಸರ್ಟಿಫಿಕೇಟು, ಒಳ್ಳೇ ನಡತಿ ಪತ್ರ ಎಲ್ಲಾ ಫೈಲಿನ್ಯಾಗ ಹಾಕ್ಕೊಂಡು, ಇಸ್ತ್ರಿ ಅಂಗಿ ತೊಟ್ಕೊಂಡು ಹೋದೆ.

ಸೆಕ್ರೆಟರಿ ಸಾಹೇಬ್ರು ರಿಟೈರ್ಡ್ ಕಣ್ಣಿನ ಡಾಕ್ಟರು. ಅವರು ನನ್ನ ಫೈಲ್ ತೆಗೀಲೇ ಇಲ್ಲ, ಬಾಜೂಕ ಸರಸಿ ಇಟ್ರು. ಕನ್ನಡಕ ಮ್ಯಾಲ ಮಾಡಿ, ನೀವು ಮೀನ ತಿಂತೀರೇನು ಅಂತ ಮರಾಠ್ಯಾಗ ಕೇಳಿದ್ರು. ಇಲ್ರಿ, ನಾವು ಲಿಂಗ ಕಟ್ಟಿದವ್ರು ಅಂದೆ. ಹೆಂಡ್ತಿ? ಅಕಿನೂ ಇಲ್ರಿ. ಮಕ್ಕಳು? ಇಲ್ರಿ. ಮನಿಗೆ ಬರೋ ಬೀಗರು? ಬೀಗರೂ ನಮ್ಮವ್ರೇ ರಿ ಅಂದೆ. ಸಾಹೇಬ್ರು ಎದ್ದು ನಿಂತು ನನ್ನ ಕೈ ಕುಲಕಿದ್ರು, ಸೋಮವಾರದಿಂದ ಬರ್ರಿ ಅಂದ್ರು.

ಆಮ್ಯಾಲ ಗೊತ್ತಾತು. ನನ್ನಕಿಂತ ಮೊದಲ ಮೂರು ಮಂದಿ ಕೇರ್‌ಟೇಕರ್ ಆಗಿ ಹೋಗಿದ್ರು. ಮೊದಲನೇಯಾಂವ ಇದ್ದಾಗ ಮೀನ ಕಮ್ಮಿ ಆಗ್ತಾ ಬಂದ್ವು, ಅಂವ ದಪ್ಪ ಆಗ್ತಾ ಬಂದ. ಎರಡನೇಯಾವನ ಹೆಂಡ್ತಿ ರಸ್ತಾದ ಮ್ಯಾಲ ಖಾನಾವಳಿ ತೆಗದ್ಲು, ಸಾಹೇಬ್ರೇ ಒಂದಿನ ಅಲ್ಲಿ ಹೋಗಿ ಮೀನಿನ ತಾಟು ಉಂಡು ಭಾಳ ಹೊಗಳಿ ಬಂದ್ರಂತ. ಮೂರನೇಯಾಂವ ಪ್ರಾಮಾಣಿಕ, ತಾ ಒಂದೂ ತಿನ್ನಲಿಲ್ಲ, ಅವನ ಮಾವ ತಿಂತಿದ್ದ. ಹಿಂಗಾಗಿ ಕಮಿಟಿಯವ್ರು ಈ ಸಲ ಮೀನಿನ ಕೆಲಸಕ್ಕ ಮೀನ ತಿನ್ನದಾವ್ನೇ ಬೇಕಂತ ಠರಾವು ಮಾಡಿದ್ರು. ನನ್ನ ಸರ್ವಿಸ್ಸಿಗೆ ಸಿಗದ ಬೆಲಿ ನಮ್ಮವ್ವ ಕಲಿಸಿದ ಊಟಕ್ಕ ಸಿಕ್ತು.

ಈ ಮಾತು ಕೇಳಿದ್ರ ಅವ್ವಗ ಖುಷಿ ಆಗ್ತದ ಅಂತ ತಿಳದು ಅವತ್ತೇ ಫೋನ್ ಮಾಡ್ದೆ. ಮೀನ ತಿನ್ನಂಗಿಲ್ಲ ಅಂತೇ ನೌಕರಿ ಕೊಟ್ರವ್ವಾ, ಹಿಡದ ಮೀನ ಮತ್ತ ನೀರಿಗೇ ಬಿಡೋದು ಅಂತ ಎಲ್ಲಾ ಬಿಡಿಸಿ ಹೇಳ್ದೆ. ಅಕಿ ಎಲ್ಲಾ ಕೇಳಿಸ್ಕೊಂಡ್ಲು.

“ತಿನ್ನಾಂವ ಹಸದು ಹಿಡೀತಾನ,” ಅಂದ್ಲು. “ನಿನಗೇನು ಬ್ಯಾನಿ?”

ಮುಂದ ಎರಡು ತಿಂಗಳಿಗೆ ಅಕಿ ನಾಶಿಕಕ್ಕ ಬಂದಾಗ ತನ್ನ ಬುತ್ತಿ ತಾನೇ ಕಟ್ಕೊಂಡು ಬಂದಿದ್ಲು, ಕ್ಯಾನಿನ್ಯಾಗ ನೀರು ಸುದ್ದಾ. ಹೆಂಡ್ತಿ ತಾಟು ಇಟ್ರ ಸರಸಿದ್ಲು. ಮೀನ ಮುಟ್ಟಿದ ಕೈಯಿಂದ ನಾ ಒಂದು ತುತ್ತೂ ಉಣ್ಣಂಗಿಲ್ಲ ಅಂದ್ಲು. ಅಡಗಿ ಮಾಡಾಕಿ ನಾ ಅಲ್ಲೇನ್ರಿ ಅತ್ತಿ, ನಾ ಅದರ ಹತ್ರ ಸುದ್ದಾ ಹೋಗಿಲ್ಲ ಅಂತ ನನ್ನ ಹೆಂಡ್ತಿ ಹೇಳಿದ್ಲು. ಹಿಟ್ಟು ತರಾಂವ ಅಂವ, ನೀರು ತುಂಬಾಂವ ಅಂವ, ಅಂತ ಅವ್ವನ ಜವಾಬು. ಅವತ್ತಿನಿಂದ ನಾ ಅಡಗಿ ಮನ್ಯಾಗ ಕಾಲಿಟ್ಟಿಲ್ಲ. ಹಿಟ್ಟು, ನೀರು, ಕಾಯಿಪಲ್ಯಾ ಎಲ್ಲಾ ಹೆಂಡ್ತೀನೇ ತರಲಾಕತ್ತಳು. ಆದ್ರೂ ಅವ್ವ ಉಣ್ಣಲಿಲ್ಲ. ಕೆಲಸ ಹೆಂಡ್ತಿಗೆ ಹೆಚ್ಚಾತು, ಪುಣ್ಯ ಮಾತ್ರ ಯಾರಿಗೂ ಸಿಗಲಿಲ್ಲ.

೨. ಮೀನಿನ ದವಾಖಾನಿ

ಕ್ಲಬ್ಬಿನ ಸುತ್ತ ಗ್ವಾಡಿ ಕಟ್ಟಲಾಕ ಯಾದಗಿರಿ ಕಡೆ ಮಂದಿ ಬಂದ್ರು. ಗಂಡ ಹೆಂಡಿರು, ಕೈಗೂಸು ಸಮೇತ ಬಂದು ಅಲ್ಲೇ ತಗಡಿನ ಶೆಡ್ ಹಾಕ್ಕೊಂಡು ಇದ್ರು. ಗ್ವಾಡಿ ಮುಗದ ಮ್ಯಾಲ ಸಾಮಾನಿನ ಕ್ವಾಣಿ ಕಟ್ಟಲಾಕ ನಿಂತಾರ, ಇನ್ನಾ ಅಲ್ಲೇ ಅದಾರ. ಇಡೀ ದಿನ ಮರಾಠಿ ಹಿಂದಿ ಕೇಳಿ ದಣದ ಕಿವಿಗೆ ಅವರ ಕನ್ನಡ ಬಿದ್ರ ನನಗ ಹಬ್ಬ.

ಅವರು ಬಂದ ಮೊದಲನೇ ರವಿವಾರ ವಕೀಲ ಸಾಹೇಬ್ರೊಬ್ಬರಿಗೆ ದೊಡ್ಡದೊಂದು ಕಟ್ಲಾ ಸಿಕ್ತು. ಅರ್ಧಾ ತಾಸು ಎಳದಾಡಿದ್ರು. ಸಾಹೇಬ್ರ ಅಂಗಿ ತೊಯ್ದು ತಪ್ಪಡಿ ಆತು. ಕಡೀಕ ನಾ ಬಲಿ ಹಿಡದು ಎತ್ತಿ, ಒದ್ದಿ ಗಾದಿ ಮ್ಯಾಲ ಮಲಗಿಸಿ, ಗಾಳ ಬಿಡಿಸಿ, ಅರಬಿ ಜೋಳಗ್ಯಾಗ ಹಾಕಿ ತೂಗ್ದೆ. ಸಾಹೇಬ್ರು ಫೋಟೋ ತೆಗಸ್ಕೊಂಡು ಅದರ ಹಣಿಗೆ ಮುತ್ತು ಕೊಟ್ರು. ನಾ ತುಟಿಗೆ ಔಷಧ ಹಚ್ಚಿ, ನೀರಾಗ ಹಿಡದು ನಿಂತು, ಅದಕ್ಕ ಉಸರು ಬಂದ ಮ್ಯಾಲ ಬಿಟ್ಟೆ.

ಹಿಂದ ನೆಳ್ಳಿಗೆ ಕುಂತು ರೊಟ್ಟಿ ತಿನ್ನೋ ಹೆಣ್ಮಕ್ಕಳು ಬಾಯಾಗಿನ ತುತ್ತು ಬಾಯಾಗೇ ಇಟ್ಕೊಂಡು ನೋಡ್ಲಾಕತ್ತಿದ್ರು. ಒಬ್ಬಾಕಿ ಮೆಲ್ಲಕ ಬಂದು, ಅದಕ್ಕೇನು ಜಡ್ಡು ಬಂದಿತ್ತೇನ್ರಿ ಅಣ್ಣಾರ ಅಂತ ಕೇಳಿದ್ಲು. ಜಡ್ಡಿಲ್ಲ ತಂಗಿ, ಸಂತೋಷಕ್ಕ ಹಿಡೀತಾರ, ಧರ್ಮಕ್ಕ ಬಿಡ್ತಾರ ಅಂದೆ. ಅಕಿ ಹೂಂ ಅಂತ ತಲಿ ಹಾಕಿದ್ಲು. ಹುಚ್ಚರ ಮುಂದ ಹಾಕ್ತಾರಲ್ಲ, ಹಂಗ.

ಸಂಜಿ ಆಗೂದ್ರಾಗ ಅವರವರೇ ವಿಚಾರ ಮಾಡಿ ಖರೇ ಸಂಗತಿ ಕಂಡ್ಹಿಡದಿದ್ರು. ಇದು ಮೀನಿನ ದವಾಖಾನಿ. ಈ ಸಾಹೇಬ್ರೆಲ್ಲಾ ಡಾಕ್ಟರು. ಗಾಳ ಅಂದ್ರ ಸೂಜಿ. ಹಿಡದು ತೂಗಿ, ಔಷಧ ಹಚ್ಚಿ ಮನಿಗೆ ಕಳಸ್ತಾರ. ನಾ ಎಷ್ಟು ಅಲ್ಲ ಅಂದ್ರೂ ನಂಬಲಿಲ್ಲ. ನಂಬೂದು ಹ್ಯಾಂಗ, ಸಾಹೇಬ್ರೊಳಗ ಅರ್ಧಾ ಮಂದಿ ಖರೇನೇ ಡಾಕ್ಟರು. ಒಂದು ಹೊತ್ತಿನ ಗಂಜಿಗೆ ಊರು ಬಿಟ್ಟು ಬಂದವರ ಮುಂದ, ಸಿಕ್ಕ ಊಟ ಕೈಯಾರೆ ಬಿಡೋದು ಸಂತೋಷ ಅಂತ ಹೇಳಲಾಕ ನನಗೂ ನಾಚಿಕಿ ಬಂತು. ದವಾಖಾನಿ ಅಂದ್ರೇ ಚೊಲೋ ಅನಿಸಿ ಸುಮ್ಮನಾದೆ.

ಮುಂದಿನ ರವಿವಾರ ಅದೇ ಹೆಣ್ಮಗಳು ಆರು ತಿಂಗಳ ಕೂಸಿನ್ನ ಟೊಂಕದ ಮ್ಯಾಲ ಇಟ್ಕೊಂಡು ಬಂದು ಮೀನ ತೂಗೋ ಸಾಲಿನ್ಯಾಗ ನಿಂತ್ಲು. ತಿಂಗಳಿಗೊಮ್ಮೆ ತೂಗಸು ಅಂತ ಊರಾಗಿನ ನರ್ಸಬಾಯಿ ಹೇಳ್ಯಾರಂತ, ಇಲ್ಲಿ ಅಂಗನವಾಡಿ ಭಾಳ ದೂರ ಆಗ್ತದಂತ. ನಾ ಸೆಕ್ರೆಟರಿ ಸಾಹೇಬ್ರ ಮಾರಿ ನೋಡ್ದೆ. ಅವರು ಎದ್ದು, ಹೊಸಾ ಜೋಳಗಿ ತರಿಸಿ, ಬಿಸಿನೀರು ಸೋಪು ಹಾಕಿ ತಮ್ಮ ಕೈಲೇ ತೊಳದು ಒಣಗಿಸಿ, ಒಳಗ ಟಾವೆಲ್ ಹಾಸಿದ್ರು. ಕೂಸು ತೂಗೂವಾಗ ಕಿಲಕಿಲ ನಕ್ಕಿತು. ಸಾಹೇಬ್ರೆಲ್ಲಾ ಗಾಳ ಬಿಟ್ಟು ನೋಡ್ಲಾಕ ಬಂದ್ರು.

ಅವತ್ತು ರಜಿಸ್ಟರ್ ಬರಿಯೂ ಪಾಳಿ ವಕೀಲ ಸಾಹೇಬ್ರದು. ಕೋರ್ಟಿನ ಮನಿಷ್ಯಾ, ತೂಗಿದ್ದು ಬರೀಲೇ ಬೇಕು ಅನ್ನೋ ರೂಢಿ. ಸಂಜಿಕ ನಾ ತೆಗದು ನೋಡಿದ್ರ, ಮೀನಿನ ಜಾತಿ ಬರಿಯೂ ಜಾಗಾದಾಗ ‘ಗಂಡು ಕೂಸು’ ಅಂತಿತ್ತು, ತೂಕ ‘ಏಳು ಕಿಲೋ ನೂರು ಗ್ರಾಂ’ ಅಂತಿತ್ತು, ಷರಾದಾಗ ‘ಔಷಧ ಹಚ್ಚಿಲ್ಲ, ತಾಯಿ ಉಡಿಗೆ ಬಿಡಲಾಗಿದೆ’ ಅಂತಿತ್ತು.

೩. ಶನಿವಾರದ ಹೂರಣ

ಗಾಳಕ್ಕ ಚುಚ್ಚೋ ತಿನಿಸಿಗೆ ಇಲ್ಲಿ ಚಾರಾ ಅಂತಾರ. ಚಾರಾದ ವಿಷಯದಾಗ ಒಬ್ಬ ಸಾಹೇಬ್ರು ಇನ್ನೊಬ್ಬರಿಗೆ ಖರೇ ಹೇಳಂಗಿಲ್ಲ. ತಮ್ಮ ಆಸ್ತಿ ಎಲ್ಲದ ಅಂತ ಹೇಳ್ತಾರ, ಚಾರಾದಾಗ ಏನದ ಅಂತ ಹೇಳಂಗಿಲ್ಲ. ಒಬ್ಬರು ಪರದೇಶದಿಂದ ಬಣ್ಣಬಣ್ಣದ ಗುಳಿಗಿ ತರಸ್ತಿದ್ರು, ಡಬ್ಬಿ ತೆಗದ್ರ ಸಾಬಾಣದ ವಾಸನಿ. ನಮ್ಮ ಕಟ್ಲಾ ಅದನ್ನ ಮೂಸಿ ನೋಡಿ ಹೊಳ್ಳಿ ಹೋಗ್ತಿತ್ತು.

ನಾ ಎರಡು ತಿಂಗಳು ನೋಡಿ ನೋಡಿ ತಡಿಲಾರದ ಹೇಳ್ದೆ. ಸಾಹೇಬ್ರ, ಮೀನ ಈ ಕಡೆದು, ಅದಕ್ಕ ಪರದೇಶದ ಊಟ ಹ್ಯಾಂಗ ಹಿಡಸ್ತದ ಅಂದೆ. ಶನಿವಾರ ಹೆಂಡ್ತಿಗೆ ಹೇಳಿ ಕಡ್ಲಿಬ್ಯಾಳಿ ಕುದಿಸಿ, ಬೆಲ್ಲ ಯಾಲಕ್ಕಿ ಹಾಕಿ ಹೂರಣ ರುಬ್ಬಿಸ್ದೆ. ಗಟ್ಟಿ ಆಗಲಿ ಅಂತ ಹುರದ ಶೇಂಗಾಪುಡಿ, ವಾಸನಿ ಹಿಡೀಲಿ ಅಂತ ಜರಾ ಮೆಂತೆ. ಉಂಡಿ ಕಟ್ಟಿ ಒಯ್ದೆ. ಅವತ್ತು ಒಂದೇ ಮುಂಜಾನ್ಯಾಗ ಏಳು ಮೀನ ಸಿಕ್ವು. ಅವತ್ತಿನಿಂದ ಪ್ರತಿ ಶನಿವಾರ ನಮ್ಮ ಮನ್ಯಾಗ ಹೂರಣ. ಓಣಿ ಮಂದಿ ವಾಸನಿ ಹಿಡದು, ಇವರ ಮನ್ಯಾಗ ವಾರಕ್ಕೊಂದು ಹಬ್ಬ ಅಂತ ಹೊಟ್ಟಿಕಿಚ್ಚು ಪಟ್ಕೋತಾರ. ಹಬ್ಬ ಹೌದು, ಮೀನಿಗೆ.

ಒಂದು ರವಿವಾರ ಮೆಂಬರೊಬ್ಬರ ಮಾವನವರು ಮುಂಬೈದಿಂದ ಬಂದಿದ್ರು. ರಿಟೈರ್ಡ್ ಜಡ್ಜ್ ಸಾಹೇಬ್ರು. ಅವರಿಗೆ ಗಾಳದ ಶೋಕಿ ಇಲ್ಲ. ಅಳಿಯಾರು ಅವರನ್ನ ಗಿಡದ ನೆಳ್ಳಿಗೆ ಕುರ್ಚಿ ಹಾಕಿ ಕುಂಡ್ರಿಸಿ, ಬಾಜೂಕ ತಮ್ಮ ಸಾಮಾನು, ಹೂರಣದ ಡಬ್ಬಿ ಇಟ್ಟು ಇನ್ನೊಂದು ಹೊಂಡಕ್ಕ ಹೋದ್ರು. ನಾ ಚಾ ತೊಗೊಂಡು ಬರೂದ್ರಾಗ ಡಬ್ಬಿ ಬರೇದಾಗಿತ್ತು. ಜಡ್ಜ್ ಸಾಹೇಬ್ರು ಬೆರಳು ನೆಕ್ಕೋತ, ಇದು ಯಾರು ಮಾಡ್ಯಾರ, ಮುಂಬೈದಾಗ ಈ ರುಚಿ ಸಿಗಂಗಿಲ್ಲ ಅಂತ ಹೇಳಿದ್ರು. ನಮ್ಮ ಮನ್ಯಾಕಿ ಮಾಡ್ಯಾಳ್ರಿ ಅಂದೆ. ಅಷ್ಟು ಖರೇ ಹೇಳ್ದೆ. ಯಾರಿಗಾಗಿ ಮಾಡ್ಯಾಳ ಅಂತ ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಚಾ ಕುಡದು ಅವರು ಕುರ್ಚ್ಯಾಗೇ ನಿದ್ದಿ ಹೋದ್ರು.

ಅಳಿಯಾರು ಬಂದು, ಏನರೆ ಬಿತ್ತೇನು ಅಂತ ಕೇಳಿದ್ರು. ಕೆರ್ಯಾಗ ಬಿದ್ದಿಲ್ರಿ ಸಾಹೇಬ್ರ, ದಂಡಿಗೊಂದು ಬಿದ್ದದ ಅಂದೆ.

ಮನಿಗೆ ಬಂದು ಹೇಳಿದ್ರ ಹೆಂಡ್ತಿ ನಕ್ಕು ನಕ್ಕು ಕಣ್ಣೀರು ತಂದ್ಲು. ಆಮ್ಯಾಲ ಸೆರಗಿಲೆ ಕಣ್ಣು ಒರಸ್ಕೊಂಡ್ಲು. ಕಟ್ಲಾ ತಿಂತು, ರೋಹು ತಿಂತು, ಜಡ್ಜ್ ಸಾಹೇಬ್ರೂ ತಿಂದ್ರು, ನಮ್ಮತ್ತಿಯವ್ರೊಬ್ರು ಉಳದಾರ ನೋಡ್ರಿ ಅಂದ್ಲು.

೪. ಅಣ್ಣನ ಅಂಗಡಿ ಇಲಿ

ಒಮ್ಮೆ ಸಂಭಾಜಿನಗರದ ಕ್ಲಬ್ಬಿನವ್ರ ಕೂಡ ಗಾಳದ ಪಂದ್ಯ ಇತ್ತು, ಪೈಠಣ ರಸ್ತಾದಾಗಿನ ಒಂದು ಹೊಂಡಕ್ಕ. ನಾ ಅಣ್ಣನ ಮನ್ಯಾಗ ಇಳ್ಕೊಂಡೆ. ಅಣ್ಣಂದು ಕಿರಾಣಿ ಅಂಗಡಿ, ಹಿಂದ ಮನಿ. ನಾ ಬಂದ ಕೂಡ್ಲೇ ಅವ್ವ ಬಚ್ಚಲಕ್ಕ ಕಳಿಸಿದ್ಲು. ಮೊದಲ ಸಾಬಾಣ ಹಚ್ಚಿ, ಆಮ್ಯಾಲ ಲಿಂಬಿಹಣ್ಣು ತಿಕ್ಕಿ, ಕಡೀಕ ಕಡ್ಲಿಹಿಟ್ಟು ಹಚ್ಚಿ, ಹಿಂಗ ಮೂರು ಸಲ ಜಳಕ ಮಾಡಿಸಿದ್ಲು. ಇನ್ನೊಂದೀಟು ತಿಕ್ಕಿದ್ರ ನಾ ಎಣ್ಣಿಗೆ ಬಿಡಲಾಕ ತಯಾರಾಗ್ತಿದ್ದೆ.

ಆದ್ರ ಬಡಸೂವಾಗ ಅಕಿ ಕೈ ಬಿಗಿ ಹಿಡೀಲಿಲ್ಲ. ಎಣಗಾಯಿ ಪಲ್ಯಾ, ಬಿಸಿ ರೊಟ್ಟಿ, ಮ್ಯಾಲ ಬೆಣ್ಣಿ. ತಾ ನಮ್ಮ ಮನ್ಯಾಗ ನೀರು ಮುಟ್ಟಂಗಿಲ್ಲ, ನಾ ಅಕಿ ಕಡೆ ಉಪಾಸ ಎದ್ರ ಸಹಿಸಂಗಿಲ್ಲ. ನಾಕು ರೊಟ್ಟಿ ಹೊಟ್ಟಿಗೆ ಬಿದ್ದ ಮ್ಯಾಲ ನನಗ ಧೈರ್ಯ ಬಂತು. ಅವ್ವಾ, ಅಣ್ಣ ಅಂಗಡ್ಯಾಗ ಇಲಿ ಪಾಷಾಣ ಮಾರ್ತಾನ, ದಿನಾ ಎಷ್ಟು ಜೀವ ಹೋಗ್ತಾವೋ ಏನೋ, ನಾ ಹಿಡದ ಮೀನಿಗೆ ಔಷಧ ಹಚ್ಚಿ ಬಿಡ್ತೀನಿ, ಆದ್ರೂ ನೀ ಅವನ ಮನ್ಯಾಗ ಉಣ್ತಿ ಅಂದೆ. ಅಣ್ಣನ ಕೈ ಬಾಯಿ ಹತ್ರ ಹೋದದ್ದು ಅಲ್ಲೇ ನಿಂತಿತು. ವೈನಿ ಒಳಗಿನಿಂದ ಹಣಿಕಿ ಹಾಕಿದ್ಲು.

ಅವ್ವ ನ್ಯಾಯದಾಕಿ. ಬೈಲಿಲ್ಲ, ವಿಚಾರ ಮಾಡಿದ್ಲು. “ಅಂವ ಇಲಿ ಕೈಲೆ ಮುಟ್ಟಂಗಿಲ್ಲ,” ಅಂದ್ಲು.

ಮರುದಿನ ಬಸ್ಸಿನ್ಯಾಗ ಯೇವಲಾ ದಾಟೂತನಾ ಅದೇ ಮಾತು ತಲ್ಯಾಗ. ಮೊದಲ ಸಿಟ್ಟು ಬಂತು, ಆಮ್ಯಾಲ ತಿಳೀತು. ಅಕಿ ಪ್ರಶ್ನಿ ಕೊಲ್ಲೋದು ಬಿಡೋದು ಅಲ್ಲ, ಮುಟ್ಟೋದು. ಅಕಿ ಅವ್ವ ಹೇಳಿಕೊಟ್ಟದ್ದು, ಅವರವ್ವ ಹೇಳಿಕೊಟ್ಟದ್ದು. ನಮ್ಮಪ್ಪ ಹೋದ, ಊರು ಬಿಟ್ಟಾತು, ಈಗ ಮೊಮ್ಮಕ್ಕಳು ಮರಾಠ್ಯಾಗ ಜವಾಬು ಕೊಡ್ತಾವ. ತನ್ನದು ಅಂತ ಅಕಿ ಕೈಯಾಗ ಉಳದದ್ದು ಈ ನೇಮ ಒಂದೇ. ಅದನ್ನ ವಾದ ಮಾಡಿ ಕಸಗೊಂಡು ನಾ ಏನು ಗೆದ್ದಂಗಾತು? ಇನ್ನ ಮುಂದ ಈ ವಿಷಯ ಎತ್ತೂದಿಲ್ಲ ಅಂತ ಠರಾಸಿದೆ. ಅಕಿ ನಮ್ಮ ಮನ್ಯಾಗ ಉಣ್ಣೋ ಆಶಾನೂ ಅವತ್ತೇ ಬಿಟ್ಟೆ.

ಆದ್ರ ನನ್ನ ಮಾತು ಅಕಿಗೆ ಚುಚ್ಚಿತ್ತು. ನಾ ಹೋದ ಮ್ಯಾಲ ಅಂಗಡ್ಯಾಗ ಬಂದು ನಿಂತು ಪಾಷಾಣದ ಪುಡಕಿ ಎಲ್ಲಾ ತೆಗೆಸಿದ್ಲಂತ. ಅಣ್ಣಗ ಬಾಯಿ ಇಲ್ಲ, ಅವ್ವ ಹೇಳಿದ್ದೇ ಕಾಯ್ದೆ. ಹದಿನೈದು ದಿನದಾಗ ಇಲಿ ಬಂದು ರವಾದ ಚೀಲ ಕಡದ್ವು, ಅವಲಕ್ಕಿ ಚೀಲ ಕಡದ್ವು, ಗಣಪತಿ ಫೋಟೋದ ಮ್ಯಾಲಿನ ಹಾರ ಸುದ್ದಾ ತಿಂದ್ವು. ಒಂದಿನ ಅಣ್ಣಂದು ಫೋನ್ ಬಂತು. ತಮ್ಮಾ, ನೀ ಬೇಕಾದಷ್ಟು ಮೀನ ಬಿಡು, ನನಗ ಇಲಿ ಬಿಡಸಬ್ಯಾಡ ಅಂದ.

೫. ಶ್ರಾವಣ ಸೋಮವಾರ

ಪ್ರತಿ ಶ್ರಾವಣದಾಗ ಅವ್ವ ತ್ರ್ಯಂಬಕೇಶ್ವರನ ದರ್ಶನಕ್ಕ ಬರ್ತಾಳ. ಸೋಮವಾರ ಹಗಲೆಲ್ಲಾ ಉಪಾಸ, ದೀಪ ಹಚ್ಚೋ ಹೊತ್ತಿಗೆ ಲಿಂಗಪೂಜಿ ಮಾಡಿ ಊಟ. ಆ ಊಟದ ಬುತ್ತಿ ಸಂಭಾಜಿನಗರದಿಂದ ಬರ್ತದ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಒಣ ಪಲ್ಯಾ. ಬುತ್ತಿ ನಮ್ಮ ಮನ್ಯಾಗ ಇಟ್ಟು ಹೋದ್ರ ಎಲ್ಲಿ ನನ್ನ ಕೈ ತಾಕ್ತದೋ ಅಂತ ಗುಡಿಗೂ ಸಂಗಟೇ ಒಯ್ತಾಳ. ಹೋದ ಶ್ರಾವಣದಾಗೂ ಹಂಗೇ ಬಗಲಾಗ ಬುತ್ತಿ ಗಂಟು ಇಟ್ಕೊಂಡು ಪಾಳಿ ಹಚ್ಚಿದ್ಲು. ನಾ ರಜಾ ಹಾಕಿ, ಬಾಜೂ ಮನಿಯವರ ರಿಕ್ಷಾ ಮಾಡ್ಕೊಂಡು ಅಕಿನ್ನ ಕರಕೊಂಡು ಹೋಗಿದ್ದೆ.

ದರ್ಶನ ಮುಗದು ಹೊರಗ ಬರೂದ್ರಾಗ ಕ್ಲಬ್ಬಿನ ವಾಚ್‌ಮನ್‌ದು ಫೋನ್. ಎಂಟು ದಿನದಿಂದ ಬಿಸಿಲು ಇದ್ದಿಲ್ಲ, ಬರೇ ಮ್ವಾಡ. ಹಿಂದಿನ ದಿನ ಸಂಜಿಯಿಂದ ಕರೆಂಟ್ ಇಲ್ಲ, ನೀರಾಗ ಗಾಳಿ ಬಿಡೋ ಪಂಪ್ ಬಂದ್ ಬಿದ್ದದ, ಮೀನೆಲ್ಲಾ ಮ್ಯಾಲ ಬಂದು ಬಾಯಿ ಬಿಡ್ಲಾಕತ್ಯಾವ ಅಂದ. ಮ್ವಾಡ ಕವದ್ರ ನೀರಿನ ಉಸರು ಕಮ್ಮಿ ಆಗ್ತದ. ಎರಡು ಮೂರು ತಾಸು ಹಿಂಗೇ ಬಿಟ್ರ ಒಂದೂ ಉಳಿಯಂಗಿಲ್ಲ, ಎಲ್ಲಾ ಹೊಟ್ಟಿ ಮ್ಯಾಲ ಮಾಡ್ತಾವ. ನಾ ಅವ್ವಗ ಹೇಳ್ದೆ. ಅವ್ವ ನನ್ನ ಮಾರಿ ನೋಡಿ, ಮೊದಲ ಅಲ್ಲಿಗೆ ಹೋಗೋಣು ನಡಿ ಅಂದ್ಲು. ನಾ ಮಾತ್ರ ರಿಕ್ಷಾ ಇಳಿಯಂಗಿಲ್ಲ ಅಂತನೂ ಹೇಳಿದ್ಲು.

ಹೋಗಿ ನೋಡಿದ್ರ ಇಡೀ ಹೊಂಡದ ತುಂಬ ಬಾಯಿ. ನಾ ಹೆಸರಿಟ್ಟು ಕರಿಯೋ ಹಳೇ ಕಟ್ಲಾ ಎಲ್ಲಾ ಮ್ಯಾಲ ಬಂದಿದ್ವು. ನಾ ಚಪ್ಪಲಿ ಸುದ್ದಾ ಕಳೀದ ಎದಿಮಟ ನೀರಿಗೆ ಇಳದು, ಎರಡೂ ಕೈಲೆ ನೀರು ಬಡೀಲಾಕತ್ತೆ. ಹಂಗ ಬಡದ್ರ ನೀರಾಗ ಗಾಳಿ ಕೂಡ್ತದ. ಯಾದಗಿರಿ ಮಂದಿ ಕೆಲಸ ಬಿಟ್ಟು ಬಕೀಟು, ಸಿಮೆಂಟ್ ಹೊರೋ ಗಮೇಲಾ ತೊಗೊಂಡು ಓಡಿ ಬಂದು ನೀರು ಎತ್ತಿ ಎತ್ತಿ ಸುರುವಲಾಕತ್ತರು. ವಾಚ್‌ಮನ್ ಬಾಜೂ ಹೊಲದವರ ಡಿಸೇಲ್ ಇಂಜಿನ್ ತರಲಾಕ ಹೋದ. ನಾ ಅಳಲಾಕತ್ತಿದ್ದೆ. ಅದರ ನಾಚಿಕಿ ನನಗಿಲ್ಲ.

ಎಷ್ಟೊತ್ತಾಗಿತ್ತೋ ಏನೋ, ಹಿಂದಿನಿಂದ ಪರಿಚಯದ ದನಿ ಬಂತು. ಟೊಂಕದ ಮಟ ಎತ್ತಿ ಸುರುವಿದ್ರ ಏನಾಗ್ತದ, ತಲಿ ಮ್ಯಾಲ ಎತ್ತಿ ಸುರೂರಿ ಅಂತ ಯಾರೋ ಗದ್ರಸ್ಲಾಕತ್ತಿದ್ರು. ಹೊಳ್ಳಿ ನೋಡಿದ್ರ ನಮ್ಮವ್ವ. ಎಪ್ಪತ್ತಾರು ವರ್ಷದಾಕಿ, ಉಪಾಸದಾಕಿ, ಸೀರಿ ಕಚ್ಚಿ ಹಾಕ್ಕೊಂಡು ಹೊಂಡಕ್ಕ ಇಳಿಯೋ ಪಾವಟಿಗಿ ಮ್ಯಾಲ ನಿಂತು ಕೊಡ ಎತ್ತಿ ನೀರು ಸುರುವಲಾಕತ್ತಾಳ. ಬಿಸಿ ಹಾಲು ಆರಸೂವಾಗ ಹ್ಯಾಂಗ ಮ್ಯಾಲಿಂದ ಎತ್ತಿ ಸುರೂತಾಳೋ, ಹಂಗೇ.

ಆಗ ದೊಡ್ಡದೊಂದು ಕಟ್ಲಾ ಅಡ್ಡಬಿದ್ದು ತೇಲ್ಕೋತ ಅಕಿ ಪಾವಟಿಗಿಗೇ ಬಂತು. ನಾ ಆ ದಂಡಿಗೆ ಇದ್ದೆ. ಅವ್ವ ನನ್ನ ಕೂಗಿದ್ಲು. ನೀರಾಗ ನಾ ಎಷ್ಟು ಲಗೂನ ಬರಲಿ? ಅಕಿ ಎರಡೂ ಕೈ ಹಿಂದ ಕಟ್ಕೊಂಡು ಅದನ್ನ ನೋಡ್ಕೋತ ನಿಂತ್ಲು. ಅದರ ಕಿವಿರು ಒಮ್ಮೆ ತೆಗೀತು, ಮತ್ತ ತೆಗೀಲಿಲ್ಲ. ಅವ್ವ ಕಣ್ಣು ಮುಚ್ಚಿ ಏನೋ ಅಂದ್ಕೊಂಡ್ಲು. ಆಮ್ಯಾಲ ಕೆಳಗ ಕುಂತು, ನೀರಾಗ ಎರಡೂ ಕೈ ಹಾಕಿ ಅದನ್ನ ಹಿಡದ್ಲು. ಕೂಸಿಗೆ ಎರಿಯೂವಾಗ ಹಿಡದಂಗ ನೆಟ್ಟಗ ಹಿಡದು, ಬಾಯಿ ಮುಂದ ನೀರು ಆಡಸಲಾಕತ್ತಳು.

ನಾ ಹೋಗಿ ಮುಟ್ಟೂದ್ರಾಗ ಅದಕ್ಕ ಬೈಲಾಕತ್ತಿದ್ಲು, ಉಸರು ತೊಗೊ, ತೊಗೊ ಅಂತ. ನಾ ಹಿಡೀತೀನಿ ಬಿಡವ್ವಾ ಅಂದೆ.

“ನೀ ಸುಮ್ಮನಿರು,” ಅಂದ್ಲು. “ಮುಟ್ಟಿದ್ದು ಮುಟ್ಟೇನಿ. ಇದು ತಾನಾಗಿ ಹೋಗೂತನಾ ಬಿಡಂಗಿಲ್ಲ.”

ಪಾವ ತಾಸು ಹಂಗೇ ಕುಂತ್ಲು. ಕಡೀಕ ಅದು ಬಾಲ ಬಡದು, ಅಕಿ ಮಾರಿ ತುಂಬ ನೀರು ಹಾರಿಸಿ ಹೋತು. ಅವ್ವ ಮಾರಿ ಒರಸ್ಕೊಂಡ್ಲು. ನಂತರ ತನ್ನ ಕೈ ನೋಡ್ಕೊಂಡ್ಲು.

ಮಧ್ಯಾಹ್ನಕ್ಕ ಇಂಜಿನ್ ಬಂದು ನೀರು ಎತ್ತಿ ಹಾಕಲಾಕತ್ತಿತು. ಒಂದೊಂದೇ ಬಾಯಿ ಕೆಳಗ ಹೋದ್ವು. ನಾಕೈದು ಸತ್ವು, ಉಳದದ್ದೆಲ್ಲಾ ಉಳೀತು. ಯಾದಗಿರಿ ಮಂದಿ ಮುಂಜಾನಿಯಿಂದ ಬಾಯಾಗ ಏನೂ ಹಾಕಿದ್ದಿಲ್ಲ. ಅವ್ವ ರಿಕ್ಷಾದಾಗಿಂದ ಬುತ್ತಿ ಗಂಟು ತಂದು ಬಿಚ್ಚಿ, ಅವರ ಕೈಲೇ ರೊಟ್ಟಿ ತೆಗೆಸಿ ಪೂರಾ ಹಂಚಿಸಿಬಿಟ್ಲು. ನಿನಗ ಸಂಜಿಕ ಏನವ್ವಾ ಅಂದ್ರ, ಅವರು ಹಸದಾರ ಅಂದ್ಲು.

ಸಂಜಿಕ ಮನಿಗೆ ಬಂದು ಜಳಕ ಮಾಡಿ, ಪೂಜಿ ಮಾಡ್ಕೊಂಡು ಚಾಪಿ ಮ್ಯಾಲ ಕುಂತ್ಲು. ಬುತ್ತಿ ಇಲ್ಲ. ನನ್ನ ಹೆಂಡ್ತಿಗೆ ನಾ ಎಲ್ಲಾ ಹೇಳಿದ್ದೆ. ಅಕಿ ಬಿಸಿ ರೊಟ್ಟಿ, ಹೆಸರಬ್ಯಾಳಿ ಮಾಡಿ ಇಟ್ಟಿದ್ಲು, ಬಡಸಲೋ ಬ್ಯಾಡೋ ತಿಳೀದ ಅಡಗಿ ಮನಿ ಬಾಗಲಾಗ ನಿಂತಿದ್ಲು. ನಾ ಪಡಸಾಲ್ಯಾಗ ದೂರ ಕುಂತಿದ್ದೆ. ಅವ್ವ ತನ್ನ ಕೈ ಹೊಳ್ಳಿಸಿ ಮಳ್ಳಿಸಿ ನೋಡ್ಕೋಲಾಕತ್ತಳು. ಅಕಿ ತಲ್ಯಾಗ ಏನು ನಡದದ ಅಂತ ನನಗ ಗೊತ್ತಿತ್ತು. ಮೀನ ಮುಟ್ಟಿದ ಕೈಯಿಂದ ಅಕಿ ಉಣ್ಣಂಗಿಲ್ಲ. ಈಗ ಅಕಿ ಕೈಯೇ ಅಂಥಾದು ಆಗಿತ್ತು. ನೇಮ ಮುರಿಲಾಕ ಅಕಿಗೆ ಬರಂಗಿಲ್ಲ. ಹಸವಿ ಮಾತ್ರ ಎಲ್ಲರಂಗ ಅಕಿಗೂ ಬರ್ತದ.

ಕಡೀಕ ಸೊಸಿನ್ನ ಕರದ್ಲು.

“ನೀ ಇವತ್ತ ಕೆರಿ ಕಡೆ ಬಂದಿಲ್ಲಲ್ಲಾ?”

“ಇಲ್ರಿ ಅತ್ತಿ.”

“ಎಂದಾದ್ರೂ ಮೀನ ಮುಟ್ಟೀಯೇನು?”

“ಇಲ್ರಿ. ಅವರೂ ನಾಕು ವರ್ಷ ಆತು, ಅಡಗಿ ಮನ್ಯಾಗ ಬಂದಿಲ್ರಿ.”

“ಹಂಗಾದ್ರ ಈ ಮನ್ಯಾಗ ಚೊಕ್ಕ ಕೈ ನಿಂದೊಂದೇ,” ಅಂದ್ಲು ಅವ್ವ. “ನೀನೇ ಉಣಸು.”

ನನ್ನ ಹೆಂಡ್ತಿ ತಾಟು ತಂದು ಮುಂದ ಕುಂತ್ಲು. ರೊಟ್ಟಿ ಮುರದು ಬ್ಯಾಳ್ಯಾಗ ಅದ್ದಿ ಎತ್ತಿದ್ಲು. ಅವ್ವ ಬಾಯಿ ತೆಗದ್ಲು. ನಾ ಗ್ವಾಡಿ ಕಡೆ ಮಾರಿ ಮಾಡ್ದೆ, ನನಗ ನೋಡ್ಲಾಕ ಆಗಲಿಲ್ಲ, ಅಷ್ಟು ಸಂತೋಷ ಆಗಿತ್ತು. ಎರಡು ತುತ್ತು ಇಳಿದ ಮ್ಯಾಲ ಅವ್ವ, ಅಂವ ಯಾಕ ಅಲ್ಲಿ ಕುಂತಾನ, ಅವನ ಕೈನೂ ಕೆಟ್ಟಾವ, ಅವಗೂ ಉಣಸು ಅಂದ್ಲು. ಐವತ್ನಾಕು ವರ್ಷದಾಂವ ನಾ ಎದ್ದು ಬಂದು ಅವ್ವನ ಬಾಜೂಕ ಕುಂತೆ. ಅಕಿಗೊಂದು ತುತ್ತು, ನನಗೊಂದು ತುತ್ತು.

ಒಂದೂವರೆ ರೊಟ್ಟಿ ಆಗೂದ್ರಾಗ ನನ್ನ ಹೆಂಡ್ತಿ ಕೈ ಸೋತು, ಅತ್ತಿ, ಇವತ್ತಿಂದೇನೋ ಆತು, ನಾಳಿಂದ ದಿನಾ ಇಬ್ಬರಿಗೂ ನಾನೇ ಉಣಸಬೇಕೇನ್ರಿ ಅಂತ ಕೇಳಿದ್ಲು.

ಅವ್ವ ಬಾಯಾಗಿಂದು ಪೂರಾ ಅಗದು ನುಂಗಿದ್ಲು. “ನಾಳಿಂದು ನಾಳಿಗೆ ನೋಡೋಣು,” ಅಂದ್ಲು. “ಮೊದಲ ಬ್ಯಾಳಿಗೆ ಉಪ್ಪು ಹಾಕ್ಕೊಂಡು ಬಾ.”